ಕಾಲಿನ್ ವೆಲಂಡನ ನಾಟಕಗಳೂ ಇತಿಹಾಸದ ಆಕರಗಳೂ

ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನ ಸಾಮಾಜಿಕ ಇತಿಹಾಸವನ್ನು ಅಭ್ಯಸಿಸುವ ನಾವು ಸರಕಾರೀ ವರದಿಗಳಿಗೂ ವೃತ್ತಪತ್ರಿಕೆಗಳಿಗೂ ಕೊಡುವ ಮನ್ನಣೆಯನ್ನು ಟೆಲಿವಿಷನ್ ನಾಟಕಗಳಿಗೆ ಕೊಡುವುದಿಲ್ಲ. ನಟನಾಗಿ ಪರಿಚಿತನಾಗಿ, ಅನಂತರ ಲೇಖಕನಾಗಿ ಪ್ರಸಿದ್ಧಿಗೆ ಬಂದ ಕಾಲಿನ್ ವೆಲಂಡನ ಕೃತಿಗಳ ಮೂಲಕ ಈ ಉಪೇಕ್ಷೆಯು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಇಲ್ಲಿ ಪರೀಕ್ಷಿಸಬಹುದಾಗಿದೆ.

ವೆಲಂಡನು 1934ರಲ್ಲಿ ಲ್ಯಾಂಕಶೈರಿನ ಲೀ ಎಂಬ ಊರಿನಲ್ಲಿ ಜನಿಸಿದನು. ಕಲ್ಲಿದ್ದಲ ಗಣಿಗಳೂ ಹತ್ತಿಯ ಗಿರಣಿಗಳೂ ಇದ್ದ ಸೀಮೆ ಅದು. ಕೆಲಕಾಲ ಚಿತ್ರಕಲೆಯ ಉಪಾಧ್ಯಾಯನಾಗಿದ್ದ ಈತನು 1962ರಲ್ಲಿ ಬಿ.ಬಿ.ಸಿ. ಆರಂಭಿಸಿದ ‘ಝೆಡ್ ಕಾರ್ಸ್’ ಎಂಬ ಪೊಲೀಸು ಧಾರಾವಾಹಿಯಲ್ಲಿ ಡೇವಿಡ್ ಗ್ರಹಾಂ ಎಂಬ ಪೇದೆಯ ಪಾತ್ರವನ್ನು ವಹಿಸಿ ಮನೆಮಾತಾದನು. ಅದರ ಮೊದಮೊದಲ ಕಂತುಗಳು ಅಭಿನಯವಾಗುತ್ತಿದ್ದಂತೆಯೇ ನೇರವಾಗಿ ಪ್ರಸಾರವಾಗುತ್ತಿದ್ದವು. ಅನೇಕ ಕಂತುಗಳು ಇಂದು ಉಳಿದಿಲ್ಲ. ತಾಳೆಗರಿಗಳಿಗೆ ಗೆದ್ದಲು ಹಿಡಿಯಿತೆಂದು ಮರುಗುವ ನಮಗೆ, ಅರುವತ್ತು ವರ್ಷಗಳ ಹಿಂದಿನ ಆಕರವೂ ಹೀಗೆ ನಷ್ಟವಾಗಬಲ್ಲುದೆಂಬುದು ಯೋಚನಾರ್ಹ. ‘ಕೆಸ್’ (1969) ಚಲನಚಿತ್ರದಲ್ಲಿ ಸಹೃದಯ ಉಪಾಧ್ಯಾಯನ ಪಾತ್ರಕ್ಕಾಗಿ ಈತನಿಗೆ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿಯು ಲಭಿಸಿತು. ತಾನು ಬಿಟ್ಟುಬಂದ ವೃತ್ತಿಯನ್ನೇ ಈತನು ಅಲ್ಲಿ ಅಭಿನಯಿಸಿದನು.

ಲೇಖಕನಾಗಿ ವೆಲಂಡನ ಮಹತ್ತ್ವವನ್ನು ತಿಳಿಯಬೇಕಾದರೆ 1974ರಲ್ಲಿ ಪ್ರಸಾರವಾದ ‘ಲೀಡ್ಸ್ ಯುನೈಟೆಡ್!’ ನಾಟಕವನ್ನು ಗಮನಿಸಬೇಕು. ಹೆಸರು ಕಾಲ್ಚೆಂಡಿನ ತಂಡದ್ದಾದರೂ ವಸ್ತುವು 1970ರ ಫೆಬ್ರವರಿಯಲ್ಲಿ ಲೀಡ್ಸ್ ನಗರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ತಲೆದೋರಿದ ಮುಷ್ಕರ. ಗಂಟೆಗೆ ಒಂದು ಶಿಲ್ಲಿಂಗ್, ಎಂದರೆ ಆಗಿನ 12 ಪೆನ್ನಿ, ಹೆಚ್ಚಿಗೆ ಬೇಕೆಂದು ಸಾವಿರಾರು ಕಾರ್ಮಿಕರು, ಬಹುಪಾಲು ಸ್ತ್ರೀಯರು, ಬೀದಿಗಿಳಿದರು. ಕಾರ್ಮಿಕ ಸಂಘವು ಮಾಲಿಕರೊಡನೆ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಸ್ತ್ರೀಯರ ಪಾಲು ಪುರುಷರದಕ್ಕಿಂತ ಕಡಿಮೆಯಾಗಿತ್ತು. ಆದಕಾರಣ ಮುಷ್ಕರವು ಸಂಘದ ಸಮ್ಮತಿಯಿಲ್ಲದೆಯೇ ನಡೆದು, ಕೋರಿಕೆಯು ಪೂರ್ತಿಯಾಗಿ ಈಡೇರದೆ ಮುಗಿಯಿತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಸಮಾನ ವೇತನದ ಕಾನೂನನ್ನು ಅಂಗೀಕರಿಸಿತು. ಕಾನೂನಿನ ಚರಿತ್ರೆಯನ್ನು ಬರೆಯುವವರಿಗೆ ಸಂಸತ್ತಿನ ನಡವಳಿಗಳು ಸಾಕಾಗಬಹುದು. ಆದರೆ ಹೊಲಿಗೆಯ ಯಂತ್ರದ ಮುಂದೆ ಕುಳಿತವಳು ಯಾವ ಮಾತಿನಲ್ಲಿ ಸಿಟ್ಟಾದಳು, ಯಾವ ಗೇಲಿಯಿಂದ ಜೊತೆಯವರನ್ನು ಎಬ್ಬಿಸಿದಳು ಎಂಬುದನ್ನು ಆ ನಡವಳಿಗಳಲ್ಲಿ ಹುಡುಕಿ ಫಲವಿಲ್ಲ. ಘಟನೆಗೆ ನಾಲ್ಕೇ ವರ್ಷಗಳ ಅನಂತರ, ಆ ಉತ್ತರ ಸೀಮೆಯ ಆಡುಮಾತನ್ನು ಬಲ್ಲವನು ಬರೆದ ನಾಟಕ ಇದು. ನಾಟಕಕಾರನು ಮುಷ್ಕರಗಾರರ ಪಕ್ಷಪಾತಿಯೆಂಬುದು ನಿಜ. ಪಕ್ಷಪಾತವಿಲ್ಲದ ಶಾಸನವಾದರೂ ನಮಗೆಲ್ಲಿ ದೊರೆತಿದೆ?

ವೆಲಂಡನಿಗೆ ಜಗತ್ಪ್ರಸಿದ್ಧಿಯನ್ನು ತಂದುದು ಮಾತ್ರ ‘ಚಾರಿಯಟ್ಸ್ ಆಫ್ ಫೈರ್’ (1981). 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಓಡಿದ ಹೆರಾಲ್ಡ್ ಏಬ್ರಹಾಮ್ಸ್ ಮತ್ತು ಎರಿಕ್ ಲಿಡೆಲ್ ಇವರ ಕಥೆಯಾದ ಈ ಚಿತ್ರಕಥೆಗೆ 1982ರಲ್ಲಿ ಆಸ್ಕರ್ ಪ್ರಶಸ್ತಿಯು ದೊರೆಯಿತು. ಇಲ್ಲಿ ಇತಿಹಾಸಕಾರನು ಎಚ್ಚರದಿಂದಿರಬೇಕಾದುದು ಅವಶ್ಯ. ತನ್ನ ಓಟದ ಪ್ರಾಥಮಿಕ ಸ್ಪರ್ಧೆಯು ಭಾನುವಾರವೆಂಬುದು ಲಿಡೆಲನಿಗೆ ಹಡಗನ್ನೇರುವಾಗ ತಿಳಿಯುವಂತೆ ಚಿತ್ರವು ತೋರಿಸುತ್ತದೆ. ವಾಸ್ತವವಾಗಿ ಆತನಿಗದು ತಿಂಗಳುಗಳ ಮೊದಲೇ ಗೊತ್ತಿದ್ದು, 400 ಮೀಟರಿನ ಓಟಕ್ಕೆ ಸಿದ್ಧನಾಗಲು ಕಾಲಾವಕಾಶವಿತ್ತು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಅಂಗಳದ ಓಟವನ್ನು ಗೆದ್ದವನು 1927ರಲ್ಲಿ ಲಾರ್ಡ್ ಬರ್ಲಿಯೇ ಹೊರತು ಏಬ್ರಹಾಮ್ಸನಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಚಿತ್ರವು 1924ಕ್ಕಿಂತ 1981ರ ಇಂಗ್ಲೆಂಡಿನ ಮನೋಧರ್ಮಕ್ಕೇ ಹೆಚ್ಚು ಸಾಕ್ಷಿ.

ಹೀಗಿದ್ದರೂ ವೆಲಂಡನ ಸಂಗ್ರಹಕ್ರಮವು ಪ್ರಶಂಸನೀಯವಾದುದು. ಆ ಒಲಿಂಪಿಕ್ಸಿನ ನೆನಪುಗಳನ್ನು ಕಳುಹಿಸಿಕೊಡಬೇಕೆಂದು ಆತನು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟನು. ಉತ್ತರವಾಗಿ, ಅಡೆತಡೆಗಳ ದೂರದ ಓಟದಲ್ಲಿ ಆರನೆಯವನಾಗಿ ಬಂದಿದ್ದ ಆಬ್ರಿ ಮಾಂಟೆಗ್ಯೂ ತನ್ನ ತಾಯಿಗೆ ಬರೆದಿದ್ದ ಪತ್ರಗಳ ಪ್ರತಿಗಳನ್ನು ಅವನ ಮಗನು ಕಳುಹಿಸಿದನು. ಅವೇ ಚಿತ್ರದ ನಿರೂಪಣೆಗೆ ಆಧಾರವಾದವು. 1948ರಲ್ಲಿಯೇ ತೀರಿಕೊಂಡಿದ್ದ ಮಾಂಟೆಗ್ಯೂ ಆಕ್ಸ್‌ಫರ್ಡಿನವನು. ಚಿತ್ರದಲ್ಲಿ ಅವನು ಕೇಂಬ್ರಿಜ್ಜಿನ ವಿದ್ಯಾರ್ಥಿಯಾಗಿದ್ದಾನೆ.