ಮರೆವಿನ ಬೇನೆಯೂ ಬೆಳಗುವ ಅಣುಗಳೂ

ಇಷ್ಟಲಿಂಗಪೂಜೆಯನ್ನು ಮುಗಿಸಿ ಎದ್ದ ಹಿರಿಯರು ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಪೂಜೆಗೆ ಅಣಿಯಾದರೆ, ಮನೆಯವರು ವಯಸ್ಸಿನ ಮರೆವೆಂದು ಸುಮ್ಮನಾಗುವುದುಂಟು. ಅದು ಆಲ್‌ಝೈಮರ್ ಬೇನೆಯ ಸೂಚನೆಯೂ ಆಗಿರಬಹುದು. ಜರ್ಮನಿಯ ವೈದ್ಯರಾದ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಈ ಬೇನೆಯನ್ನು ವಿವರಿಸಿದರು. ರೋಗಿಯ ಮಿದುಳಿನಲ್ಲಿ ಅವರು ಕಂಡ ಗಡ್ಡೆಯಂತಹ ಶೇಖರಣೆಗಳು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನವು ಎಂಬುದು 1980ರ ದಶಕದಲ್ಲಿ ತಿಳಿಯಿತು. ಆ ಶೇಖರಣೆಗಳಲ್ಲಿ ತಾಮ್ರ, ಸತು, ಕಬ್ಬಿಣಗಳು ಅಧಿಕವಾಗಿ ನೆಲೆಸಿರುವುದೂ ಅನಂತರ ಕಂಡುಬಂದಿತು.

ಈ ಲೋಹಗಳು ದೇಹಕ್ಕೆ ವೈರಿಗಳಲ್ಲ. ಇವಿಲ್ಲದೆ ನರಕೋಶಗಳು ಬದುಕಲಾರವು. ತಾವಿರಬೇಕಾದ ಎಡೆಯನ್ನು ಬಿಟ್ಟು ಅಮಿಲಾಯ್ಡಿಗೆ ಅಂಟಿಕೊಳ್ಳುವುದರಿಂದಲೇ ತೊಂದರೆ. ಹಾಗೆ ಅಂಟಿದ ತಾಮ್ರವು ಕೋಶಗಳನ್ನು ಘಾಸಿಗೊಳಿಸುವ ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸುತ್ತದೆ. ಇಷ್ಟನ್ನೋದಿ ಮನೆಯ ತಾಮ್ರದ ಚೊಂಬನ್ನು ಅಟ್ಟಕ್ಕೇರಿಸಬೇಕಾಗಿಲ್ಲ.

ವಿಜ್ಞಾನಿಗಳು ಈ ಲೋಹಗಳನ್ನು ಹಿಡಿಯಬಲ್ಲ, ಹಿಡಿದುದನ್ನು ಬೆಳಕಿನಿಂದ ತಿಳಿಸಬಲ್ಲ ಅಣುಗಳನ್ನು ರೂಪಿಸುತ್ತಿದ್ದಾರೆ. ಕ್ವಿನೊಲಿನ್ ವರ್ಗದ ಕೆಲವು ಅಣುಗಳು ಸತುವಿನೊಡನೆ ಕೂಡಿದಾಗ ಪ್ರಜ್ವಲಿಸುತ್ತವೆ. ತಾಮ್ರ ಕೂಡಿದರೆ ಸಾಮಾನ್ಯವಾಗಿ ಮಂಕಾಗುತ್ತವೆ. ಬೆಳಗುವುದೂ ಆರುವುದೂ ಎರಡೂ ಸುದ್ದಿಯೇ. ಲೋಹವನ್ನು ಹಿಡಿಯುವ ಅಣುವೇ ಅದನ್ನು ಅಮಿಲಾಯ್ಡಿನಿಂದ ಬಿಡಿಸಿದರೆ ಪತ್ತೆಯೂ ಚಿಕಿತ್ಸೆಯೂ ಒಂದರಲ್ಲಿಯೇ ಆಗಬಹುದೆಂಬುದು ಆಶಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂತಹ ಶೋಧ ನಡೆದಿದೆ.

ಆದರೆ ಈ ಬೆಳಕು ತಲೆಬುರುಡೆಯನ್ನು ದಾಟಿ ಹೊರಬರುವುದು ಕಷ್ಟ. ಆದುದರಿಂದಲೇ ಅಮಿಲಾಯ್ಡನ್ನು ಬೆಳಗಿಸುವ ಥಯೋಫ್ಲೇವಿನ್ ಎಂಬ ಬಣ್ಣವನ್ನು ಮಾರ್ಪಡಿಸಿ, ವಿಕಿರಣಶೀಲ ಇಂಗಾಲವನ್ನು ಸೇರಿಸಿದ ‘ಪಿಟ್ಸ್‌ಬರ್ಗ್ ಸಂಯುಕ್ತ’ವನ್ನು ಬಳಸಿ ಜೀವಂತ ರೋಗಿಗಳ ಮಿದುಳಿನ ಚಿತ್ರವನ್ನು ಪಡೆದರು, ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಚಿಕಿತ್ಸೆಯ ದಾರಿಯಂತೂ ಇನ್ನೂ ದುರ್ಗಮ. ಹಿಂದೆ ಭೇದಿಗೆ ಕೊಡುತ್ತಿದ್ದ ಕ್ಲಿಯೋಕ್ವಿನಾಲ್, ಜಪಾನಿನಲ್ಲಿ ಸಾವಿರಾರು ಜನರ ನರಗಳಿಗೆ ಹಾನಿಮಾಡಿದುದರಿಂದ 1970ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಲೋಹವನ್ನು ಹಿಡಿಯುವ ಗುಣಕ್ಕಾಗಿ ಅದನ್ನೇ ಮತ್ತೆ ಪರೀಕ್ಷಿಸಿದರು. ಅದರ ಸಂಬಂಧಿಯಾದ ಪಿಬಿಟಿ-2 ಕೂಡ 2014ರ ಪರೀಕ್ಷೆಯಲ್ಲಿ ನಿರೀಕ್ಷಿತ ಫಲವನ್ನು ನೀಡಲಿಲ್ಲ. ಕಬ್ಬಿಣವನ್ನು ಹಿಡಿಯುವ ಡೆಫೆರಿಪ್ರೋನ್ ಪ್ರಯೋಗವು ಇನ್ನೂ ಕಠಿಣ ಪಾಠ ಕಲಿಸಿತು: ಮಿದುಳಿನ ಕಬ್ಬಿಣವೇನೋ ತಗ್ಗಿತು, ರೋಗಿಗಳ ಬುದ್ಧಿಶಕ್ತಿ ಮಾತ್ರ ಇನ್ನಷ್ಟು ಬೇಗ ಕುಗ್ಗಿತು.

ಆದುದರಿಂದ ‘ದೇಹದ ಲೋಹವನ್ನು ತೆಗೆದು ಮರೆವನ್ನು ಗುಣಪಡಿಸುತ್ತೇವೆ’ ಎನ್ನುವವರಿಗೆ ಮನೆಯ ಉಳಿತಾಯವನ್ನು ಒಪ್ಪಿಸಬಾರದು. ಮೊದಲು ವೈದ್ಯರಲ್ಲಿಗೆ ಹೋಗಿ ಥೈರಾಯ್ಡ್ ಹಾಗೂ ಬಿ-12 ಜೀವಸತ್ತ್ವಗಳ ರಕ್ತಪರೀಕ್ಷೆ ಮಾಡಿಸಬೇಕು. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಅಪರೂಪವಲ್ಲ. ಅದರಿಂದಾದ ಮರೆವನ್ನು ಬೇಗನೆ ಗುರುತಿಸಿದರೆ ಸಾಧಾರಣ ಚುಚ್ಚುಮದ್ದಿನಿಂದಲೇ ಸುಧಾರಿಸಲು ಸಾಧ್ಯವಿದೆ.