ಪದ್ಯವಾಯಿತು, ಅರ್ಥವೆಲ್ಲಿ?

ತಳೇಗಾಂವ ದಾಭಾಡೆಯ ಮಳೆಗಾಲವನ್ನು ಬಲ್ಲವರಿಗೆ ನಾವು ಬೇರೆ ಹೇಳಬೇಕಾಗಿಲ್ಲ. ಜುಲೈಯಲ್ಲಿ ಹಿಡಿದ ಮಳೆ ಬಿಡುವ ಮಾತೇ ಎತ್ತುವುದಿಲ್ಲ. ಲೋಣಾವಳೆಯ ಲೋಕಲ್ ಗಾಡಿಯಲ್ಲಿ ಒದ್ದೆ ಕೊಡೆಗಳದ್ದೇ ರಾಜ್ಯ. ಇಂಥ ದಿನಗಳಲ್ಲಿ ಇಲ್ಲಿಯ ನಾಲ್ಕಾರು ಕನ್ನಡ ಮನೆಗಳವರು ಶನಿವಾರ ರಾತ್ರಿ ಒಂದೆಡೆ ಕಲೆತು ಹಳೆಯ ಚಿತ್ರ ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲ ನಾವು ನೋಡಿದ್ದು ಎಂಥ ಚಿತ್ರಗಳೆಂದು ಕೇಳಿದರೆ ವಾಚಕರು ಹುಬ್ಬೇರಿಸಿಯಾರು. ಮುಖವಾಡದ ಕೊಲೆಗಾರನೊಬ್ಬ ಕತ್ತಿ ಹಿಡಿದು, ಹರೆಯದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತ ಹೋಗುವ ಅಮೆರಿಕದ ಚಿತ್ರಗಳು. ಅಲ್ಲಿಯವರು ಇವಕ್ಕೆ ಸ್ಲ್ಯಾಷರ್ ಎನ್ನುತ್ತಾರೆ. ಮಕ್ಕಳನ್ನು ಮಲಗಿಸಿದ ಮೇಲೆಯೇ ನೋಡಿದೆವೆಂದು ಮೊದಲೇ ಹೇಳಿಬಿಡುತ್ತೇವೆ.

ನಮ್ಮಲ್ಲೊಬ್ಬರ ಮಗ ಅಮೆರಿಕದಿಂದ ಮರಳುವಾಗ ಡಿವಿಡಿ, ಬ್ಲೂ-ರೇಗಳ ಒಂದು ಪೆಟ್ಟಿಗೆಯನ್ನೇ ತಂದಿದ್ದ. ಅವುಗಳಲ್ಲಿ ಚಿತ್ರದೊಂದಿಗೆ ಇನ್ನೊಂದು ಧ್ವನಿಯೂ ಇರುತ್ತದೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಪಾತ್ರಗಳ ಮಾತು ಹಿಂದೆ ಸರಿದು, ಚಿತ್ರ ಮಾಡಿದವರೇ ನಮ್ಮ ಪಕ್ಕ ಕುಳಿತು ಮಾತಾಡಿದಂತೆ ಕೇಳಿಸುತ್ತದೆ. ಇದರ ಹುಟ್ಟು 1984ರಷ್ಟು ಹಿಂದಿನದು. 1933ರ ‘ಕಿಂಗ್ ಕಾಂಗ್’ ಲೇಸರ್ ಡಿಸ್ಕ್ ಆಗಿ ಬಂದಾಗ, ಅದರಲ್ಲಿ ಖಾಲಿಯಿದ್ದ ಧ್ವನಿಪಥದಲ್ಲಿ ರೊನಾಲ್ಡ್ ಹೇವರ್ ಎಂಬವರು ಚಿತ್ರದುದ್ದಕ್ಕೂ ಮಾತಾಡಿದರು. ಅವರು ಆ ಚಿತ್ರ ಮಾಡಿದವರಲ್ಲ, ಹಳೆಯ ಚಿತ್ರಗಳನ್ನು ಕಾಪಾಡಿ ಅಭ್ಯಾಸ ಮಾಡಿದವರು. ಈ ಮಾತು ನೆನಪಿರಲಿ.

ನಮಗಾದರೂ ಇದೇನು ಹೊಸತೇ? ಗಮಕಿಗಳು ಕುಮಾರವ್ಯಾಸನನ್ನು ಹಾಡುವುದು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಬಿಡಿಸುವುದು ಊರ ಗುಡಿಗಳಲ್ಲಿ ನಾವೆಲ್ಲ ಕಂಡದ್ದೇ. ಒಳ್ಳೆಯ ವ್ಯಾಖ್ಯಾನಕಾರ ಗಮಕಿ ಹಾಡುವಾಗ ಬಾಯಿ ಬಿಡುವುದಿಲ್ಲ, ನಿಲ್ಲಿಸಿದಾಗ ತಡೆಯುವುದಿಲ್ಲ. ಕೇಳುವವರಿಗೆ ತಾವಾಗಿಯೇ ಹೊಳೆಯದ್ದನ್ನು ಮಾತ್ರ ಹೇಳುತ್ತಾನೆ. ಆ ಅಳತೆಗೋಲು ಹಿಡಿದೇ ನಾವು ಕುಳಿತೆವು.

ಮೊದಲು ಹಚ್ಚಿದ್ದು ‘ಹಾಲೋವೀನ್’. 1978ರಲ್ಲಿ ಜಾನ್ ಕಾರ್ಪೆಂಟರ್ ಮಾಡಿದ ಚಿತ್ರ. 35ನೆಯ ವರ್ಷದ ನೆನಪಿಗೆ 2013ರಲ್ಲಿ ಬಂದ ಬ್ಲೂ-ರೇಯಲ್ಲಿ ಕಾರ್ಪೆಂಟರ್ ಮತ್ತು ನಾಯಕಿ ಜೇಮೀ ಲೀ ಕರ್ಟಿಸ್ ಇಬ್ಬರೂ ಜೊತೆಯಾಗಿ ಕುಳಿತು ಮಾತಾಡಿದ್ದಾರೆ. ನಮಗೆ ಎಷ್ಟು ಆಸೆಯಿತ್ತೋ ಅಷ್ಟೇ ನಿರಾಸೆಯಾಯಿತು. ಮಾತಿನ ಬಹುಪಾಲು ಆಕೆಯದು. ಪಾಪ, ಅದು ಆಕೆಯ ಮೊದಲ ಚಿತ್ರ, ಹುರುಪು ಸಹಜವೇ. ಆದರೆ ನಿರ್ದೇಶಕ ಮಹಾಶಯರು ಒಂದೆರಡು ಮಾತಿಗೆ ಮುಗಿಸುತ್ತಾರೆ. ಹಳೆಯ ಗೆಳೆಯರ ಹರಟೆಯನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದಂತೆ ನಮಗೆ ಅನಿಸಿತು. ಇಪ್ಪತ್ತು ನಿಮಿಷವಾಗಿರಬೇಕು, ನಮ್ಮ ಜೊತೆಗಿದ್ದ ಧಾರವಾಡ ಕಡೆಯ ನಿವೃತ್ತ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

“ಇವರು ಪದ್ಯಾನ ತಿರುಗಿ ತಿರುಗಿ ಹೇಳಾಕತ್ತಾರಲ್ರೀ, ಅರ್ಥ ಯಾವಾಗ ಹೇಳ್ತಾರ?”

ಅರ್ಥಕ್ಕೇನು ಬರವಿತ್ತೇ? ಆ ಚಿತ್ರ ಆದದ್ದು ಸುಮಾರು ಮೂರು ಲಕ್ಷ ಡಾಲರಿನಲ್ಲಿ, ಕೆಲವೇ ವಾರಗಳ ಚಿತ್ರೀಕರಣದಲ್ಲಿ. ಕಥೆ ನಡೆಯುವುದು ಇಲಿನಾಯ್‌ನಲ್ಲಿ, ಅಕ್ಟೋಬರದ ಎಲೆ ಉದುರುವ ಕಾಲದಲ್ಲಿ. ತೆಗೆದದ್ದು ಕ್ಯಾಲಿಫೋರ್ನಿಯಾದಲ್ಲಿ, ವಸಂತದಲ್ಲಿ. ಹಾಗಾಗಿ ಎಲೆಗಳಿಗೆ ಬಣ್ಣ ಬಳಿದು ಹರಡುವುದು, ದೃಶ್ಯ ಮುಗಿದ ಮೇಲೆ ಬಳಿದು ಮೂಟೆ ಕಟ್ಟುವುದು, ಮತ್ತೆ ಹರಡುವುದು! ಕೊಲೆಗಾರನ ಆ ಭಯಂಕರ ಮುಖವಾಡ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕನದು, ಅಗ್ಗದ ಬೆಲೆಗೆ ಕೊಂಡು ಬಿಳಿ ಬಣ್ಣ ಬಳಿದದ್ದು. ಸಂಗೀತ ಸೇರಿಸುವ ಮೊದಲು ಚಿತ್ರವನ್ನು ಕಂಡವರಿಗೆ ಹೆದರಿಕೆಯೇ ಆಗಲಿಲ್ಲವಂತೆ. ಕಾರ್ಪೆಂಟರ್ ತಾವೇ ಪಿಯಾನೋ ಮುಂದೆ ಕುಳಿತು, ಚಿಕ್ಕಂದಿನಲ್ಲಿ ತಂದೆ ಕಲಿಸಿದ್ದ ಐದರ ಎಣಿಕೆಯನ್ನು, ನಮ್ಮ ಖಂಡನಡೆಯಂಥದ್ದನ್ನು, ಹಿಡಿದು ನುಡಿಸಿದರು. ಹೆದರಿಕೆ ಬಂದದ್ದು ಅಲ್ಲಿಂದ. ಇದನ್ನೆಲ್ಲ ನಾವು ಬೇರೆಡೆ ಓದಿ ತಿಳಿದೆವು. ದೃಶ್ಯ ಕಣ್ಣ ಮುಂದೆ ಓಡುತ್ತಿರುವಾಗ, ಮಾಡಿದವರ ಬಾಯಿಂದಲೇ ಬಿಡಿಬಿಡಿಯಾಗಿ ಕೇಳುವ ಸುಖವೇ ಬೇರೆಯಿತ್ತು.

1994ರ ಲೇಸರ್ ಡಿಸ್ಕಿಗೆಂದು ಮುದ್ರಿಸಿದ ಹಳೆಯ ವ್ಯಾಖ್ಯಾನದಲ್ಲಿ ಡೆಬ್ರಾ ಹಿಲ್ ಅವರ ಧ್ವನಿಯೂ ಇದೆ. ಕಾರ್ಪೆಂಟರ್ ಜೊತೆ ಕಥೆ ಬರೆದು ಚಿತ್ರ ನಿರ್ಮಿಸಿದಾಕೆ. 2005ರಲ್ಲಿ ಆಕೆ ತೀರಿಕೊಂಡರು. 2013ರಲ್ಲಿ ಆಕೆಯ ಕುರ್ಚಿ ಖಾಲಿ.

1980ರ ‘ಫ್ರೈಡೇ ದ ಥರ್ಟೀಂತ್’ದ ವ್ಯಾಖ್ಯಾನವಂತೂ ಕೌದಿ. ಬೇರೆ ಬೇರೆ ಜನರ ಮಾತಿನ ತುಂಡುಗಳನ್ನು ಸೇರಿಸಿ ಹೊಲಿದದ್ದು. ಎಷ್ಟೋ ಸಲ ತೆರೆಯ ಮೇಲೆ ಒಂದು, ಕಿವಿಯಲ್ಲಿ ಇನ್ನೊಂದು. ಆ ಚಿತ್ರದಲ್ಲಿ ಮಂಚದ ಮೇಲೆ ಮಲಗಿದ ಹುಡುಗನ ಗಂಟಲಿನಿಂದ ಬಾಣ ಹೊರಬರುವ ದೃಶ್ಯವಿದೆ. ರಕ್ತ ಚಿಮ್ಮಿಸುವ ಪಂಪು ಆ ಹೊತ್ತಿಗೇ ಕೈಕೊಟ್ಟಿತು. ಮಂಚದ ಕೆಳಗೆ ಅಡಗಿದ್ದ ಸಹಾಯಕ ಕೊಳವೆಗೆ ಬಾಯಿ ಹಚ್ಚಿ ಊದಿದ. ನಾವು ಕಾದು ಕುಳಿತದ್ದು ಇಂಥ ಮಾತಿಗಾಗಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೂಲ ಧ್ವನಿಯಿಟ್ಟು ನೋಡಲು ಒಲ್ಲೆನೆಂದು ಅಡುಗೆಮನೆ ಸೇರಿದ್ದ ನಮ್ಮ ಗೃಹಿಣಿಯರು, ಹರಟೆ ಶುರುವಾದ ಮೇಲೆ ಬಂದು, ಬಟಾಣಿ ಬಿಡಿಸುತ್ತ ಕೊನೆಯವರೆಗೂ ಕುಳಿತರು. ಮಾತು ಕೇಳುತ್ತಿದ್ದರೆ ಹೆದರಿಕೆ ಹತ್ತಿರ ಸುಳಿಯುವುದಿಲ್ಲ. ವ್ಯಾಖ್ಯಾನದಿಂದ ಅಷ್ಟು ಉಪಕಾರವಾಯಿತು.

ಎಲ್ಲವೂ ಹಾಗೆಯೇ ಎಂದರೆ ತಪ್ಪಾದೀತು. 1974ರ ‘ಟೆಕ್ಸಸ್ ಚೈನ್ ಸಾ ಮ್ಯಾಸಕರ್’ಗೆ ನಿರ್ದೇಶಕ ಟೋಬ್ ಹೂಪರ್, ಕ್ಯಾಮೆರಾ ಹಿಡಿದ ಡೇನಿಯಲ್ ಪರ್ಲ್, ಗರಗಸ ಹಿಡಿದ ಗುನಾರ್ ಹ್ಯಾನ್ಸನ್ ಮೂವರೂ ಕುಳಿತು ಮಾತಾಡಿದ್ದಾರೆ. ಒಬ್ಬ ಮರೆತದ್ದನ್ನು ಇನ್ನೊಬ್ಬ ಎತ್ತಿಕೊಡುತ್ತಾನೆ. ಹ್ಯಾನ್ಸನ್ 2015ರಲ್ಲಿ, ಹೂಪರ್ 2017ರಲ್ಲಿ ಹೋದರು, ಧ್ವನಿ ಉಳಿಯಿತು. ಇನ್ನು ಈ ಜಾತಿಗೆಲ್ಲ ಹಿರಿಯಜ್ಜನಾದ 1960ರ ‘ಸೈಕೋ’. ಹಿಚ್‌ಕಾಕ್ 1980ರಲ್ಲಿಯೇ ತೀರಿಕೊಂಡದ್ದರಿಂದ, 2008ರ ಡಿವಿಡಿಯಲ್ಲಿ ಮಾತಾಡಿದವರು ಆ ಚಿತ್ರದ ತಯಾರಿಕೆಯನ್ನೇ ಕುರಿತು ಪುಸ್ತಕ ಬರೆದ ಸ್ಟೀಫನ್ ರೆಬೆಲ್ಲೊ. ಸ್ನಾನದ ಮನೆಯ ಒಂದು ದೃಶ್ಯಕ್ಕೆ ಏಳು ದಿನ ಹಿಡಿಯಿತು. ಅಲ್ಲಿ ಹರಿದ ರಕ್ತ ಚಾಕೊಲೇಟ್ ಪಾಕ. ಚೂರಿಯ ಸದ್ದು ಕರಬೂಜದ ಹಣ್ಣಿಗೆ ಇರಿದದ್ದು. ಚಿತ್ರದಲ್ಲಿ ಕೈಯಾಡಿಸದ ಹೇವರ್, ರೆಬೆಲ್ಲೊ ಅಂಥವರು ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಮಾಡಿದವರು ತಮಗೆ ಎಲ್ಲ ನೆನಪಿದೆಯೆಂಬ ಭರವಸೆಯ ಮೇಲೆ ಬರಿಗೈಯಲ್ಲಿ ಬಂದು ಕೂಡುತ್ತಾರೆ. ನಮ್ಮ ತಕರಾರು ಇಷ್ಟೇ.

ಮುಂದಿನ ಶನಿವಾರ ನಮ್ಮ ಕನ್ನಡದ್ದೇ ನೋಡೋಣವೆಂದಾಯಿತು. 1978ರ ‘ಅಪರಿಚಿತ’. ಕಾಶೀನಾಥ್ ನಿರ್ದೇಶನ, ಧಾರವಾಡದ ಸುರೇಶ್ ಹೆಬ್ಳೀಕರ್ ನಾಯಕ. ಕೊಲೆಯ ಗುಟ್ಟನ್ನು ಕೊನೆಯವರೆಗೂ ಬಿಟ್ಟುಕೊಡದ ಚಿತ್ರ. ನಮ್ಮ ಹತ್ತಿರವಿದ್ದ ಡಿಸ್ಕಿನಲ್ಲಿ ಚಿತ್ರವಲ್ಲದೆ ಮತ್ತೇನೂ ಇರಲಿಲ್ಲ. ನಾವು ಈವರೆಗೆ ಕೊಂಡ ಯಾವ ಕನ್ನಡ ಡಿಸ್ಕಿನಲ್ಲಿಯೂ ನಿರ್ದೇಶಕರ ಮಾತು ಕೇಳಿದ ನೆನಪಿಲ್ಲ. 1989ರಲ್ಲಿ ಒಂದೂ ಹಾಡಿಲ್ಲದೆ ‘ತರ್ಕ’ ಮಾಡಿದ ಸುನೀಲ್‌ಕುಮಾರ್ ದೇಸಾಯಿ ಹಂಚಿಕೆದಾರರನ್ನು ಹೇಗೆ ಒಪ್ಪಿಸಿದರು? ಅದರಲ್ಲಿ ನಟಿಸಿದ ಶಂಕರನಾಗ್ ಮರುವರ್ಷವೇ ಇಲ್ಲವಾದರು. ಚಿತ್ರೀಕರಣದ ತಂಡದಲ್ಲಿಯೇ ಕೊಲೆಗಳಾಗುವ ‘ಶ್!’ ಅನ್ನು 1993ರಲ್ಲಿ ಉಪೇಂದ್ರ ಮಾಡಿದಾಗ, ಗುರು ಕಾಶೀನಾಥರೇ ಅದರಲ್ಲಿ ಪಾತ್ರ ವಹಿಸಿದರು. ಶಿಷ್ಯ ಹೇಳಿದಂತೆ ಗುರು ಕೇಳಿದರೇ? ಕಾಶೀನಾಥ್ ‘ಅಪರಿಚಿತ’ವನ್ನು 1981ರಲ್ಲಿ ‘ಬೇಶಕ್’ ಎಂದು ಹಿಂದಿಯಲ್ಲಿ ತಾವೇ ಮತ್ತೆ ಮಾಡಿದರು. ಒಂದೇ ಗುಟ್ಟನ್ನು ಎರಡು ಭಾಷೆಯ ಜನರಿಂದ ಎರಡು ಸಲ ಮುಚ್ಚಿಟ್ಟ ಮನುಷ್ಯ. ಎರಡನೆಯ ಸಲ ಏನನ್ನು ಬದಲಿಸಿದರು, ಏಕೆ? ಇದೊಂದನ್ನೇ ಹೇಳಿದ್ದರೂ ಡಿಸ್ಕು ತುಂಬುತ್ತಿತ್ತು. 2018ರ ಜನವರಿಯಲ್ಲಿ ಅವರು ತೀರಿಕೊಂಡರು. ಲೋಕಲ್ ಹಿಡಿದು ಹೋದರೆ ಪುಣೆಯಲ್ಲಿ, 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವಿದೆ. ರೀಲುಗಳನ್ನು ಕಾಪಾಡುತ್ತಾರೆ. ಆಡದೆ ಉಳಿದ ಮಾತನ್ನು ಯಾರು ಕಾಪಾಡಿಯಾರು?

ಚಿತ್ರ ಅರ್ಧಕ್ಕೆ ಬಂದಾಗ, ಮಾಸ್ತರರು ತಮ್ಮಷ್ಟಕ್ಕೆ ತಾವೇ ಹೇಳತೊಡಗಿದರು. 1978ರಲ್ಲಿ ಹುಬ್ಬಳ್ಳಿಯಲ್ಲಿ ಇದನ್ನು ನೋಡಿದ್ದು, ಇಂಥ ಕಡೆ ಥಿಯೇಟರಿಗೆ ಥಿಯೇಟರೇ ಉಸಿರು ಹಿಡಿದದ್ದು, ಹೊರಗೆ ಬಂದವರ ಬಾಯಿ ಮುಚ್ಚಿಸಲು ಸರದಿಯಲ್ಲಿ ನಿಂತವರು ಕೈಮುಗಿದದ್ದು. “ಕೊಲಿ ಮಾಡಿದವರು ಯಾರಂತ ಹೇಳಬ್ಯಾಡ್ರೋ ಯಪ್ಪಾ, ರೊಕ್ಕಾ ಕೊಟ್ಟೇವಿ!” ಮರಾಠಿ ಶಾಲೆಗೆ ಹೋಗುವ ನಮ್ಮ ಹುಡುಗರು (ಈ ಚಿತ್ರಕ್ಕೆ ಅವರನ್ನು ಎಚ್ಚರವಿರಗೊಟ್ಟಿದ್ದೆವು) ತೆರೆ ಬಿಟ್ಟು ಅವರ ಮುಖವನ್ನೇ ನೋಡತೊಡಗಿದರು. ಕ್ಯಾಮೆರಾ ಎಲ್ಲಿಟ್ಟರೆಂಬುದು ಮಾಸ್ತರರಿಗೆ ಗೊತ್ತಿಲ್ಲ; ಅದನ್ನು ಬಲ್ಲವರು ಹೇಳದೆ ಹೋದರು. ನೋಡಿದವರ ಪಾಲಿನದನ್ನು ಮಾತ್ರ ಇವರು ಹೇಳಿದರು.

ಹುಡುಗನೊಬ್ಬ ಸದ್ದಿಲ್ಲದೆ ಫೋನಿನಲ್ಲಿ ಅದನ್ನು ಮುದ್ರಿಸಿಕೊಂಡಿದ್ದಾನೆ. ನಲವತ್ತು ನಿಮಿಷದಷ್ಟಿದೆ. ನಡುವೆ ಮೂರು ಸಲ ಕುಕ್ಕರಿನ ಸೀಟಿ ಕೇಳಿಸುತ್ತದೆ.