ಬಾವು ಕಾಣುವ ಮೊದಲೇ ಹಾಲು ಹೇಳುತ್ತದೆ

ಮದ್ದೂರು, ಮಳವಳ್ಳಿ ಕಡೆ ಸಂಘಗಳಿಗೆ ಬಂದಾಗ, "ಡಾಕ್ಟ್ರೇ, ರಕ್ತ ಪರೀಕ್ಷೆ ಮಾಡಿಸಿದ್ರೆ ಹಸುವಿನ ಒಳಬಾವು ಗೊತ್ತಾಗುತ್ತಾ?" ಎಂದು ಕೇಳುತ್ತೀರಿ. ಕೆಚ್ಚಲು ಬಾವಿಗೆ ರಕ್ತ ತೆಗೆಯಬೇಕಿಲ್ಲ. ಸೋಂಕು ತಗುಲಿದರೆ ರಕ್ತದ ಬಿಳಿ ಕಣಗಳೇ ಹಾಲಿಗೆ ಇಳಿಯುತ್ತವೆ. 1 ಮಿಲಿ ಹಾಲಿನಲ್ಲಿ ಜೀವಕಣಗಳು 2 ಲಕ್ಷ ದಾಟಿದರೆ ಬಾವಿದೆ ಎಂದೇ ಲೆಕ್ಕ. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ. ಡೇರಿಯಲ್ಲಿ ಎಸ್‌ಎನ್‌ಎಫ್ ಇಳಿಯುತ್ತದೆ, ನೀವು ಹಿಂಡಿಯನ್ನು ಬೈಯುತ್ತೀರಿ!

1 ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ. ಮೊದಲ ಧಾರೆ ಬಿಟ್ಟು, ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಕರೆದು, ಅಷ್ಟೇ ಸೋಪಿನ ನೀರು ಬೆರೆಸಿ ತಿರುಗಿಸಿ. ಲೋಳೆಯಾದರೆ ಆ ತೊಟ್ಟಿನ ಕಡೆ ಬಾವಿದೆ. ಬಟ್ಟಲಲ್ಲಿದ್ದುದನ್ನು ಚೆಲ್ಲಿಬಿಡಿ. ಕರು ಹಾಕಿದ ಮೊದಲ ವಾರ ಈ ಪರೀಕ್ಷೆ ಬೇಡ. ತಿಂಗಳಿಗೊಮ್ಮೆ ನೋಡಿ ಬರೆದಿಡಿ. ಲೋಳೆ ಕಂಡರೆ ಮನೆಯಲ್ಲಿ ಮಿಕ್ಕ ಟ್ಯೂಬ್ ಏರಿಸದೆ ನಮ್ಮನ್ನು ಕರೆಯಿರಿ. ತಡವಾದರೆ ಆ ತೊಟ್ಟೇ ಬತ್ತಿಹೋದೀತು.